ಮೇಲೆ ಕಲ್ಲಾದ ಬಂಗುಡೆ, ಕೆಳಗೆ ಹುಳಿ ಮೊಸರು: ಫ್ರಿಜ್‌ಗೆ ಏನಾಗಿದೆ?

ಕಳೆದ ಆಟಿ ತಿಂಗಳ ಮಳೆಯಲ್ಲಿ ಬದಿಯಡ್ಕದ ನಮ್ಮ ಮನೆಯ ಫ್ರಿಜ್ ಹಟ ಹಿಡಿಯಿತು. ಮೇಲೆ ಫ್ರೀಜರಿನಲ್ಲಿ ಬಂಗುಡೆ ಕಲ್ಲಿನ ಹಾಗೆ ಗಟ್ಟಿ. ಕೆಳಗೆ ರಾತ್ರಿ ಇಟ್ಟ ಮೊಸರು ಬೆಳಗಾಗುವಾಗ ಹುಳಿ. ನೋಡಲು ಬಂದ ರಿಪೇರಿಯವರು ಬಾಗಿಲು ತೆರೆದು ಇಣುಕಿದವರೇ "ಗ್ಯಾಸ್ ಖಾಲಿ" ಎಂದರು. ಗ್ಯಾಸ್ ಖಾಲಿಯಾದರೆ ಬಂಗುಡೆ ಕಲ್ಲಾಗುವುದು ಹೇಗೆ, ಅಲ್ವಾ?

ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂದಿನ ಕಾಯಿಲ್‌ನಲ್ಲಿ. ಒಂದು ಫ್ಯಾನ್ ಆ ತಂಪನ್ನು ಕೆಳಗೆ ತಳ್ಳುತ್ತದೆ. ಬಾಗಿಲು ತೆರೆದಾಗೆಲ್ಲ ಒಳಗೆ ನುಗ್ಗುವ ಪಸೆ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಇನ್ನೂ ಜಾಸ್ತಿ. ಆಗಾಗ ಹೀಟರ್ ಉರಿದು ಆ ಮಂಜನ್ನು ಕರಗಿಸಬೇಕು, ಇದೇ ಡಿಫ್ರಾಸ್ಟ್. ಅದು ತಪ್ಪಿದರೆ ಗಾಳಿಯ ದಾರಿ ಕಟ್ಟಿಹೋಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಹಾಕಿ ರಾತ್ರಿಯಿಡೀ ನಡುವಿನ ತಟ್ಟೆಯಲ್ಲಿಡಿ. 4 ಡಿಗ್ರಿ ಆಸುಪಾಸು ಇರಬೇಕು. ಬಾಗಿಲಿಗೆ ನೋಟು ಸಿಕ್ಕಿಸಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ರಬ್ಬರ್ ಸಡಿಲ. ಗಾಳಿ ಬರುವ ಕಂಡಿಗೆ ಹಲಸಿನ ಸೊಳೆಯ ಡಬ್ಬ ಅಡ್ಡ ಇಟ್ಟಿದ್ದೀರಾ, ಅದನ್ನೂ ನೋಡಿ.

ಇಷ್ಟು ಸರಿಯಿದ್ದರೆ ಪ್ಲಗ್ ಕಿತ್ತು, ಬಾಗಿಲು ತೆರೆದು, 24 ಗಂಟೆ ಬಿಡಿ. ಕೆಳಗೆ ಹಳೇ ಬಟ್ಟೆ ಹಾಸಿ. ಚೂರಿಯಿಂದ ಐಸ್ ಕೆರೆಯಲೇಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಹೊರಬರುತ್ತದೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಮತ್ತೆ ಹಾಕಿದ ಮೇಲೆ ಕೆಲವು ದಿನ ಚೆನ್ನಾಗಿ ನಡೆದು ಪುನಃ ಅದೇ ಕತೆಯಾದರೆ ಡಿಫ್ರಾಸ್ಟ್ ಮೇಲೆಯೇ ಮೊದಲ ಅನುಮಾನ.

ಆಗ ಪ್ಲಗ್ ಕಿತ್ತು ಫ್ರೀಜರಿನ ಹಿಂದಿನ ಪ್ಯಾನೆಲ್ ಬಿಚ್ಚಿ ನೋಡಬೇಕು. ಕಾಯಿಲ್ ತುಂಬ ಒಂದೇ ಸಮ ದಪ್ಪ ಐಸ್ ಇದ್ದರೆ ಡಿಫ್ರಾಸ್ಟ್ ಆಗುತ್ತಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಮಂಜು, ಉಳಿದದ್ದು ಬೋಳು ಅಂತಾದರೆ ಗ್ಯಾಸ್ ಕಡಿಮೆ ಇರಬಹುದು. ತಳದಲ್ಲಿ ನೀರು ನಿಂತಿದ್ದರೆ ಡ್ರೈನ್ ತೂತು ಕಟ್ಟಿದೆ; ಸಿರಿಂಜಿನಲ್ಲಿ ಬಿಸಿನೀರು ಬಿಟ್ಟರೆ ಸಾಕು.

ಮುಂದಿನದು ಮಲ್ಟಿಮೀಟರ್ ಹಿಡಿಯಲು ಬರುವವರಿಗೆ. ಐಸ್ ಪೂರ್ತಿ ಕರಗಿಸಿ, ಪ್ಲಗ್ ಕಿತ್ತೇ ಇರಲಿ. 150 ವ್ಯಾಟ್ ಹೀಟರ್ ಸುಮಾರು 350 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಮಿತಿಮೀರಿ ಕಾದರೆ ಕಡಿದುಹೋಗುವ ಥರ್ಮಲ್ ಫ್ಯೂಸ್‌ಗೆ ಮೀಟರ್ ಹಿಡಿದರೆ ಬೀಪ್ ಅನ್ನಲೇಬೇಕು. ಬೈಮೆಟಲ್ ಅಂದರೆ ಕಾಯಿಲ್ ಬಿಸಿಯಾದಾಗ ಹೀಟರ್ ನಿಲ್ಲಿಸುವ ಸ್ವಿಚ್; ಅದು ಮಾತ್ರ ಬಿಸಿಯಲ್ಲಿ ಬೀಪ್ ಅನ್ನುವುದಿಲ್ಲ, ಅದು ದೋಷವಲ್ಲ. ಇದು ಗೊತ್ತಿಲ್ಲದೆ ಒಳ್ಳೇ ಬೈಮೆಟಲ್ ಎಸೆಯುವವರು ಬೇಕಾದಷ್ಟಿದ್ದಾರೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸಿನಲ್ಲಿ ಹುಗಿದು ನೋಡಿ, ಆಗ ಬೀಪ್ ಅನ್ನಬೇಕು. ಬರೀ ಐಸಿನ ತಂಪು ಸಾಲದು.

ಕಾಯಿಲ್‌ನ ತಂಪು ಅಳೆಯುವ ಸೆನ್ಸರಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ತಂಪಾದಂತೆ ಅದರ ಓಮ್ ಏರುತ್ತದೆ. ಐಸ್ ಚೂರು ತುಂಬಿದ ನೀರಿನಲ್ಲಿ ಅದ್ದಿದರೆ ಸರಿಯಾಗಿ ಸೊನ್ನೆ ಡಿಗ್ರಿ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ ಸೆನ್ಸರ್ ಅಲ್ಲಿ ಹೆಚ್ಚುಕಡಿಮೆ 30 ಕಿಲೋ ಓಮ್ ತೋರಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಇಳಿಯಬೇಕು. ಅಲುಗಾಡದಿದ್ದರೆ ಸತ್ತಿದೆ. ಸುಳ್ಳು ಹೇಳುವ ಸೆನ್ಸರ್ ಇನ್ನೂ ಕಷ್ಟ. ಕಾಯಿಲ್ ಬಿಸಿಯಾಯಿತು ಎಂದು ಅದು ಬೇಗನೆ ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಹೇಳಿದರೆ ಐಸ್ ಕರಗುವ ಮೊದಲೇ ಹೀಟರ್ ನಿಲ್ಲುತ್ತದೆ. ಇವೆಲ್ಲ ಸರಿಯಿದ್ದ ಮೇಲಷ್ಟೇ ಬೋರ್ಡಿನ ಮಾತೆತ್ತಿ.

ನಮ್ಮಲ್ಲಿ ಹೋಗಿದ್ದು ಥರ್ಮಲ್ ಫ್ಯೂಸ್. ಅದನ್ನು ತಂತಿಯಿಂದ ಸುಮ್ನೆ ಜೋಡಿಸಿಬಿಡುವವರಿದ್ದಾರೆ. ಹೀಟರ್ ನಿಲ್ಲದೆ ಉರಿದರೆ ಬೆಂಕಿಯೇ ಗತಿ. ಫ್ಯೂಸ್ ಸುಮ್ಮನೆ ಹೋಗುವುದೂ ಅಪರೂಪ. ಬೈಮೆಟಲ್ ಅಂಟಿಕೊಂಡು ಹೀಟರ್ ಮಿತಿಮೀರಿ ಕಾದಾಗ ಕಡಿಯುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಬದಲಿಸಿದೆವು.