ಏಳೂವರೆ ಬಸ್ಸಿನ ಮುಖಗಳು

ಕೊಡಗಿನಲ್ಲಿ ರೈಲಿಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಸ್ಟೇಷನ್ ಕೂಡ ಇಲ್ಲ. ಹಾಗಿರುವಾಗ ನೆಲದಡಿಯ ರೈಲಿನಲ್ಲಿ ಓಡಾಡುವವರ ಫೋಟೊ ತೆಗೆಯುವ ಆಸೆ ಹತ್ತಿದರೆ ಏನು ಮಾಡೋದು? ನನಗೆ ಹತ್ತಿತ್ತು. ನನ್ನ ಪಾಲಿಗೆ ಇದ್ದದ್ದು ಮೂರ್ನಾಡಿನಿಂದ ಮಡಿಕೇರಿಗೆ ಹೋಗುವ ಬೆಳಗಿನ ಏಳೂವರೆ ಬಸ್ಸು. ಹಾಕತ್ತೂರು, ಮೇಕೇರಿ ದಾಟಿ ತಿರುವು ಮೇಲೆ ತಿರುವು ಹಾಕಿಕೊಂಡು ಏರುವ ದಾರಿ. ಮಡಿಕೇರಿಯ ಒಂದು ಆಫೀಸಿನಲ್ಲಿ ನಾನು ಲೆಕ್ಕಪತ್ರ ನೋಡುವವಳು. ಹೋಗುತ್ತಾ ಬರುತ್ತಾ ದಿನಕ್ಕೆ ಒಂದೂವರೆ ಗಂಟೆ ಹತ್ತಿರ ಬಸ್ಸಿನಲ್ಲೇ ಕಳೆಯುತ್ತೇನೆ. ನಾಲ್ಕು ವರ್ಷದಿಂದ ಆ ಹೊತ್ತಿನಲ್ಲಿ ಫೋಟೊ ತೆಗೆಯುತ್ತಿದ್ದೇನೆ.

ಆಸೆ ಹತ್ತಿಸಿದ್ದು ವಾಕರ್ ಎವಾನ್ಸ್ ಎಂಬ ಅಮೆರಿಕದ ಫೋಟೊಗ್ರಾಫರ್. 1938ರಿಂದ 1941ರವರೆಗೆ ಅವರು ನ್ಯೂಯಾರ್ಕ್ ಸಬ್‌ವೇಯಲ್ಲಿ ಎದುರು ಸೀಟಿನವರ ಫೋಟೊ ತೆಗೆದರು. ಚಿಕ್ಕ ಕಾಂಟ್ಯಾಕ್ಸ್ ಕ್ಯಾಮೆರಾ. ಹೊಳೆಯುವ ಭಾಗಕ್ಕೆಲ್ಲ ಕಪ್ಪು ಬಣ್ಣ ಹಚ್ಚಿ, ಕೋಟಿನೊಳಗೆ ಬಚ್ಚಿಟ್ಟು, ಗುಂಡಿಗಳ ನಡುವಿನ ಸಂದಿಯಿಂದ ಲೆನ್ಸ್ ಮಾತ್ರ ಇಣುಕುವ ಹಾಗೆ ಮಾಡಿಕೊಂಡಿದ್ದರು. ಶಟರ್ ಒತ್ತುವ ಕೇಬಲ್ ತೋಳಿನೊಳಗಿಂದ ಅಂಗೈಗೆ ಬರುತ್ತಿತ್ತು. ಫ್ಲಾಶ್ ಇಲ್ಲ, ಕಣ್ಣಿಟ್ಟು ನೋಡುವುದೂ ಇಲ್ಲ. ಆ ಚಿತ್ರಗಳ ಮುಖಗಳನ್ನು ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲದ ಹೊತ್ತಿನ ಮುಖಗಳು ಅವು. ನಮ್ಮ ಬಸ್ಸಿನಲ್ಲೂ ದಿನಾ ಅಂಥದೇ ಮುಖಗಳು ಕಾಣುತ್ತವಲ್ಲ ಅನ್ನಿಸಿತು.

ಮೊದಲು ಒಂದು ಸಲ ಬೆಂಗಳೂರಿಗೆ ಹೋದಾಗ ಮೆಟ್ರೊದಲ್ಲಿ ಸುಮ್ನೆ ಕೂತು ನೋಡಿದೆ. ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ನೆಲದಡಿಯಲ್ಲಿ ಹೋಗುವ ಭಾಗ, 2016ರಲ್ಲಿ ಶುರುವಾದದ್ದು. ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಎರಡು ವಿಷಯ ಗೊತ್ತಾಯಿತು. ಒಂದು, ಅಲ್ಲಿ ಸೀಟುಗಳು ಗೋಡೆಯುದ್ದಕ್ಕೂ ಇವೆ, ಜನ ಎದುರುಬದುರು ಕೂರುತ್ತಾರೆ. ಸಬ್‌ವೇಯಲ್ಲೂ ಹಾಗೇ ಕೂತವರು ಎವಾನ್ಸ್‌ಗೆ ಸಿಕ್ಕಿದ್ದು. ಇನ್ನೊಂದು, ಅಲ್ಲಿ ಯಾರಿಗೂ ಯಾರ ಗುರುತೂ ಇಲ್ಲ.

ನಮ್ಮ ಬಸ್ಸಿನಲ್ಲಿ ಎರಡೂ ತಿರುಗುಮುರುಗು. ಎಲ್ಲರೂ ಮುಂದಕ್ಕೆ ನೋಡಿಕೊಂಡು ಕೂರುತ್ತಾರೆ. ನಡುವಿನ ಸೀಟಿನಲ್ಲಿ ಕೂತರೆ ನಿಮಗೆ ಕಾಣುವುದು ಬರೀ ಹೆಗಲು, ಜಡೆ, ಮಂಕಿಕ್ಯಾಪು. ಮೊದಲ ಎರಡು ತಿಂಗಳು ನನ್ನ ಹತ್ತಿರ ಇದ್ದದ್ದೆಲ್ಲ ಬೆನ್ನಿನ ಫೋಟೊಗಳೇ. ಆಮೇಲೆ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆ ಹತ್ತಿರ ಇರುವ ಅಡ್ಡ ಸೀಟು ಹಿಡಿದೆ. ಅಲ್ಲಿ ಕೂತರೆ ಮುಂದಿನ ಮೂರು ಸಾಲು ಪೂರ್ತಿ ಕಾಣುತ್ತದೆ. ಕಾಲಿಗೆ ಇಂಜಿನ್ ಬಿಸಿ ತಾಗುತ್ತದೆ, ಬೇಸಿಗೆಯಲ್ಲಿ ಕಷ್ಟ. ಮಳೆಗಾಲದಲ್ಲಿ ಅದೇ ಸುಖ.

ಗುರುತಿನ ವಿಷಯ ಮಾತ್ರ ಸೀಟು ಬದಲಿಸಿದಷ್ಟು ಸುಲಭವಾಗಿರಲಿಲ್ಲ.

ಮೊದಲ ಮಳೆಗಾಲ. ಎವಾನ್ಸ್ ಮಾಡಿದ್ದನ್ನೇ ಮಾಡಲು ಹೋದೆ. ರೈನ್‌ಕೋಟಿನ ಎರಡು ಗುಂಡಿ ಬಿಚ್ಚಿ, ಒಳಗೆ ಕ್ಯಾಮೆರಾ ಇಟ್ಟುಕೊಂಡು ಒತ್ತುತ್ತಿದ್ದೆ. ಒಂದು ದಿನ ಎದುರಿಗೆ ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕಿಟಕಿಯಿಂದ ಬಂದ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ತೆಗೆದೆ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಹೆಂಗಸು ನೋಡಿಬಿಟ್ಟಳು. ಜಗಳ ಮಾಡಲಿಲ್ಲ. ಮೆಲ್ಲಗೆ ಕೇಳಿದಳು: "ಅಕ್ಕ, ಮಲಗಿದವರ ಫೋಟೊ ಯಾಕೆ ತೆಗಿತೀರಿ? ಎದ್ದ ಮೇಲೆ ಕೇಳಿ ತೆಗೀರಿ."

ಅಲ್ಲೇ ಅವಳ ಎದುರಿಗೇ ಆ ಫೋಟೊ ಅಳಿಸಿದೆ. ಅದು ನಾನು ಅಲ್ಲಿಯವರೆಗೆ ತೆಗೆದದ್ದರಲ್ಲೇ ಚೆನ್ನಾಗಿ ಬಂದಿತ್ತು. ಅಳಿಸಿದ್ದಕ್ಕೆ ಬೇಸರವಿಲ್ಲ. ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೆ ತುಂಬಾ ದಿನ ಬೇಸರವಿತ್ತು.

ನ್ಯೂಯಾರ್ಕಿನಲ್ಲಿ ಬಚ್ಚಿಟ್ಟುಕೊಂಡರೆ ನಡೆಯಬಹುದು. ಇಳಿದ ಮೇಲೆ ಅವರು ಯಾರೋ, ನೀವು ಯಾರೋ. ಕೊಡಗಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದೇ ಯಾವ ಊರು, ಯಾರ ಮನೆ, ಯಾರ ಮಗಳು ಅಂತ. ಹಾಕತ್ತೂರು ಬರುವಷ್ಟರಲ್ಲಿ ನಿಮ್ಮ ಸೋದರಮಾವನ ಹೆಸರೂ ಅವರಿಗೆ ಗೊತ್ತಾಗಿರುತ್ತದೆ. ಇಂಥ ಕಡೆ ಯಾರಿಗೂ ಕಾಣದ ಹಾಗೆ ಇರುತ್ತೇನೆ ಅನ್ನುವುದು ಆಗದ ಮಾತು. ಇಲ್ಲಿ ಜನ ನಿಮ್ಮನ್ನು ಮರೆಯಬೇಕಾದರೆ ಮೊದಲು ನಿಮ್ಮ ಪರಿಚಯ ಆಗಿರಬೇಕು. ಇದು ತಲೆಗೆ ಹತ್ತಲು ನನಗೆ ಒಂದು ವರ್ಷ ಬೇಕಾಯಿತು.

ಕ್ಯಾಮೆರಾ ಹೊರಗೆ ತೆಗೆದೆ. ದಿನಾ ಮಡಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಮೊದಲ ಮೂರು ವಾರ ಒಂದೂ ಫೋಟೊ ತೆಗೆಯಲಿಲ್ಲ. ಕೇಳಿದವರಿಗೆಲ್ಲ ಹೇಳಿದೆ, "ಈ ಬಸ್ಸಿನವರ ಫೋಟೊ ತೆಗಿತಿದ್ದೀನಿ, ಬೇಡ ಅಂದ್ರೆ ಹೇಳಿ." ಇಬ್ಬರು ಬೇಡ ಅಂದರು. ಇವತ್ತಿಗೂ ಅವರ ಕಡೆ ಲೆನ್ಸ್ ತಿರುಗಿಸಿಲ್ಲ. ಕಂಡಕ್ಟರ್ ಮಾತ್ರ ಮೊದಲ ದಿನವೇ ಶರ್ಟಿನ ಕಾಲರ್ ಸರಿಮಾಡಿಕೊಂಡು ನಿಂತ. ಸ್ವಲ್ಪ ದಿನ ಎಲ್ಲರೂ ಹಾಗೇ ಪೋಸು ಕೊಟ್ಟರು. ಕೊಟ್ಟಷ್ಟೂ ತೆಗೆದೆ. ಬೇಸರವಾಗಿ ಬಿಟ್ಟರು ನೋಡಿ, ಅಲ್ಲಿಂದ ನನ್ನ ಫೋಟೊ ಶುರುವಾಯಿತು.

ಇನ್ನೊಬ್ಬ ಅಮೆರಿಕನ್, ಬ್ರೂಸ್ ಡೇವಿಡ್‌ಸನ್, 1980ರಲ್ಲಿ ಅದೇ ನ್ಯೂಯಾರ್ಕ್ ಸಬ್‌ವೇಯಲ್ಲಿ ಕಲರ್ ಫೋಟೊ ತೆಗೆಯಲು ಇಳಿದಾಗ ತಾನು ತೆಗೆದ ಚಿತ್ರಗಳ ಒಂದು ಚಿಕ್ಕ ಆಲ್ಬಮ್ ಜೊತೆಯಲ್ಲಿ ಇಟ್ಟುಕೊಂಡು ಜನರಿಗೆ ತೋರಿಸುತ್ತಿದ್ದರು. ಇದನ್ನು ಓದಿದ ವಾರವೇ ಸ್ಟುಡಿಯೊದಲ್ಲಿ 4×6 ಪ್ರಿಂಟ್ ಹಾಕಿಸಿದೆ. ಮದುವೆ ಮನೆಯಲ್ಲಿ ಕೊಡುವಂಥ ಪ್ಲಾಸ್ಟಿಕ್ ಆಲ್ಬಮ್ಮಿಗೆ ಸೇರಿಸಿ ಬ್ಯಾಗಿನಲ್ಲಿಟ್ಟುಕೊಂಡೆ. ಆ ಆಲ್ಬಮ್ ಬಸ್ಸಿನ ಮುಂದಿನಿಂದ ಹಿಂದಿನವರೆಗೂ ಕೈಯಿಂದ ಕೈಗೆ ಹೋಗಿ ಬರುತ್ತದೆ. ಎರಡು ಸಲ ತಾನಾಗೇ ವಿರಾಜಪೇಟೆಗೆ ಹೋಗಿ ಮಾರನೇ ದಿನ ವಾಪಸ್ ಬಂದಿದೆ. ಫೋಟೊದಲ್ಲಿರುವವರಿಗೆ ಒಂದು ಪ್ರಿಂಟ್ ಕೊಡಲೇಬೇಕು. ಇದು ನಾನು ತಪ್ಪದೆ ಇಟ್ಟುಕೊಂಡ ನಿಯಮ. ತಿಂಗಳಿಗೆ ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ.

ಈಗ ಕ್ಯಾಮೆರಾ ವಿಷಯ. ನನ್ನದು ಸೆಕೆಂಡ್ ಹ್ಯಾಂಡ್ ಫ್ಯೂಜಿ ಎಕ್ಸ್100ಎಫ್. ಲೆನ್ಸ್ ಬದಲಿಸಲು ಬರುವುದಿಲ್ಲ, ಅದೇ ಅನುಕೂಲ. ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದು ಬಹಳ ಕಮ್ಮಿ. ಬೀಪ್ ಸದ್ದು, ಫೋಕಸ್‌ಗೆ ಹೊತ್ತಿಕೊಳ್ಳುವ ಚಿಕ್ಕ ದೀಪ, ಫ್ಲಾಶ್, ಮೂರನ್ನೂ ಆಫ್ ಮಾಡಿ. ಪೂರ್ತಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆಯಲ್ಲ ಅಂತ ಆಸೆಯಾಗಬಹುದು. ಆದರೆ ಬಸ್ಸಿನೊಳಗೆ ಎಲ್‌ಇಡಿ ದೀಪ ಇದ್ದರೆ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ. ಹೀಗೇ ಒಂದು ವಾರದ ಕೆಲಸ ನನ್ನದು ಹಾಳಾಗಿದೆ.

ಫೋಕಸ್ ನಾನು ಕೈಯಲ್ಲೇ ಒಂದೂವರೆ ಮೀಟರಿಗೆ ಇಟ್ಟುಬಿಡುತ್ತೇನೆ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ) 4 ಇದ್ದರೆ ಸುಮಾರು ಒಂದೂಕಾಲು ಮೀಟರಿನಿಂದ ಎರಡು ಮೀಟರ್ ಹತ್ತಿರದವರೆಗೆ ಸ್ಪಷ್ಟವಾಗಿ ಬರುತ್ತದೆ. ಅಡ್ಡ ಸೀಟಿನಿಂದ ಮೊದಲ ಎರಡು ಸಾಲು ಅಷ್ಟರಲ್ಲೇ ಇದೆ. ಬಸ್ ಸ್ಟಾಂಡಿನಲ್ಲಿ ಬಿಸಿಲಿದ್ದಾಗ ಅಪರ್ಚರ್ 8, ದೂರ ಎರಡು ಮೀಟರ್. ಶಟರ್ ವೇಗವನ್ನು 1/250 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ನಮ್ಮ ರಸ್ತೆ ನಿಮಗೇ ಗೊತ್ತು. ಬಸ್ಸು ನಿಂತಾಗ ಅಲುಗಾಟ ಇಲ್ಲ ಅಂದುಕೊಂಡು ಶಟರ್ ಇಳಿಸುವುದೂ ತಪ್ಪು. ಡೀಸೆಲ್ ಇಂಜಿನ್ ನಿಂತಲ್ಲೇ ಉರಿಯುವಾಗ ಇಡೀ ಬಸ್ಸು ಗಡಗಡ ನಡುಗುತ್ತದೆ. ಮೊಣಕೈಯನ್ನು ಸೀಟಿನ ಕಂಬಿಗೆ ಊರದೆ ಮೈಗೆ ಒತ್ತಿ ಹಿಡಿದರೆ ಎಷ್ಟೋ ವಾಸಿ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಬಸ್ಸಿನೊಳಗೆ ಬೆಳಗ್ಗೆ ಎಂಟಕ್ಕೂ ಕತ್ತಲೆ. ಐಎಸ್‌ಒ (ಬೆಳಕು ಹಿಡಿಯಲು ಕ್ಯಾಮೆರಾಕ್ಕೆ ಇರುವ ಸೂಕ್ಷ್ಮತೆ) 3200, ಕೆಲವು ಸಲ 6400. ಹಳೇ ಬಸ್ಸುಗಳ ಕಿಟಕಿಗೆ ನೀಲಿ ಟಾರ್ಪಾಲು ಇಳಿಬಿಟ್ಟರಂತೂ ಎಲ್ಲರ ಮುಖವೂ ನೀಲಿ. ಅದನ್ನು ಸರಿಮಾಡಲು ಹೋಗಬೇಡಿ, ಕಪ್ಪು ಬಿಳುಪು ಮಾಡಿಬಿಡಿ. ಹೊರಗಿನ ಚಳಿಯಿಂದ ಜನ ತುಂಬಿದ ಬಸ್ಸಿನೊಳಗೆ ಹತ್ತಿದ ಕೂಡಲೇ ಲೆನ್ಸಿಗೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು, ಬೇರೆ ದಾರಿಯಿಲ್ಲ. ನಾನು ಆ ಐದು ನಿಮಿಷ ಜನರನ್ನು ನೋಡುತ್ತೇನೆ. ಹಾಗೆ ನೋಡಿದ ದಿನ ಫೋಟೊ ಚೆನ್ನಾಗಿ ಬರುತ್ತದೆ.

ಫಂಗಸ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಹಳೇ ಲೆನ್ಸೊಂದು ಒಂದೇ ಮಳೆಗಾಲದಲ್ಲಿ ಹೋಯಿತು. ಗಾಜಿನೊಳಗೆ ಜೇಡನ ಬಲೆ ಹಾಗೆ ಬಿಳಿ ಎಳೆಗಳು. ಚರ್ಮದ ಕೇಸಿನಲ್ಲಿ ಬೀರುವಿನೊಳಗೆ ಇಟ್ಟಿದ್ದೆ. ಕೊಡಗಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಬಿಸಿಲಿಗೆ ಇಡೋಣ ಅಂದರೆ ಜುಲೈಯಲ್ಲಿ ಬಿಸಿಲೆಲ್ಲಿ? ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ನೋಟವೇ ಬದಲಾಯಿತು. ಹೆಂಗಸರು ಜಾಸ್ತಿಯಾದರು. ಸಂಜೆ ನಾನು ಸರ್ಕಾರಿ ಬಸ್ಸಿನಲ್ಲೇ ಬರುವುದು. ಕಂಡಕ್ಟರ್ ಬಂದಾಗ ಒಟ್ಟಿಗೇ ಏಳೆಂಟು ಕೈಗಳು ಆಧಾರ್ ಕಾರ್ಡ್ ಹಿಡಿದು ಮೇಲೇಳುತ್ತವೆ. ಬಳೆ, ಗದ್ದೆ ಕೆಲಸದ ಬೆರಳು, ಆಫೀಸಿನ ವಾಚು, ಎಲ್ಲ ಒಂದೇ ಎತ್ತರದಲ್ಲಿ. ಎಂಥಾ ಫೋಟೊ ಅದು! ತೆಗೆದು ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಎರಡು ಕಾರ್ಡಿನ ನಂಬರು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅಳಿಸಿದೆ. ಆಮೇಲೆ ಅದೇ ಫೋಟೊವನ್ನು ಹಿಂದಿನಿಂದ, ಕಾರ್ಡಿನ ಬೆನ್ನು ಮಸುಕಾಗುವ ಹಾಗೆ ತೆಗೆಯಲು ಮೂರು ತಿಂಗಳು ಕಾದೆ.

2025ರ ಮೇ ತಿಂಗಳಲ್ಲಿ ಬೆಂಗಳೂರು ಮೆಟ್ರೊದಲ್ಲಿ ಹೆಣ್ಣುಮಕ್ಕಳಿಗೆ ಗೊತ್ತಾಗದ ಹಾಗೆ ವಿಡಿಯೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದ ಖಾತೆಯ ವಿಷಯ ಸುದ್ದಿಯಾಗಿ, ಪೊಲೀಸ್ ಕೇಸೂ ಆಯಿತು. ಆ ವಾರ ನಾನು ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು, "ಆಂಟಿ, ನಿಮ್ಮದೂ ಅದೇ ಥರ ಅಲ್ವಾ?" ಒಳ್ಳೆಯ ಪ್ರಶ್ನೆ. ಆಲ್ಬಮ್ ಅವಳ ಕೈಗೆ ಕೊಟ್ಟೆ. ಇದರಲ್ಲಿರುವ ಒಬ್ಬೊಬ್ಬರನ್ನೂ ನೀನು ಕೇಳಬಹುದು, ಎಲ್ಲರೂ ಇದೇ ಬಸ್ಸಿನಲ್ಲಿದ್ದಾರೆ ಅಂದೆ. ಅವಳು ಎದ್ದು ಹೋಗಿ ನಿಜವಾಗಿಯೂ ಇಬ್ಬರನ್ನು ಕೇಳಿ ಬಂದಳು. ಆಮೇಲೆ ತನ್ನದು ಬೇಡ ಅಂದಳು. ಆಯ್ತು ಅಂದೆ. ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದೆ. ಕಾನೂನು ಅದರ ಪಾಡಿಗೆ ಇರಲಿ, ನನ್ನ ಅಳತೆ ಸರಳ. ತೆಗೆದ ಫೋಟೊವನ್ನು ನಾಳೆ ಅದೇ ಬಸ್ಸಿನಲ್ಲಿ ಅವರ ಕೈಗೆ ಕೊಡಲು ಆಗಬೇಕು. ಮಲಗಿದವರು, ಅಳುವವರು, ಸೆರಗು ಜಾರಿದವರು, ಒಂಟಿ ಮಕ್ಕಳು, ಇವರ ಕಡೆ ನಾನು ಕ್ಯಾಮೆರಾ ಎತ್ತುವುದಿಲ್ಲ.

ಒಂದು ಫೋಟೊ ಬಗ್ಗೆ ಹೇಳಬೇಕು. ಶುಕ್ರವಾರ ಮಡಿಕೇರಿ ಸಂತೆ. ಅವತ್ತು ಒಬ್ಬರು ಅಜ್ಜಿ ಚೀಲದಲ್ಲಿ ಕೆಸುವಿನ ಸೊಪ್ಪು, ಬೈಂಬಳೆ (ಕಳಲೆ) ತುಂಬಿಕೊಂಡು ಹತ್ತುತ್ತಾರೆ. ಮಳೆ ಜೋರಾಗಿತ್ತು. ಕಂಬಿಗೆ ನೇತುಹಾಕಿದ ಕೊಡೆಗಳಿಂದ ನೀರು ಇಳಿಯುತ್ತಿತ್ತು. ಬಸ್ಸು ತಿರುಗಿದ ಕಡೆಗೆಲ್ಲ ಆ ಕೆಂಪು ನೀರು ನೆಲದ ಮೇಲೆ ಅತ್ತಿಂದಿತ್ತ ಹರಿಯುತ್ತಿತ್ತು, ಎಲ್ಲರೂ ಒಂದೇ ಸಲ ಕಾಲು ಎತ್ತುತ್ತಿದ್ದರು. ಗಾಜಿನ ತುಂಬ ಹಬೆ. ಅಜ್ಜಿ ಸೆರಗಿನ ತುದಿ ಮುಷ್ಟಿಗೆ ಸುತ್ತಿಕೊಂಡು ಗಾಜಿನ ಮೇಲೆ ಒಂದು ಗುಂಡಗಿನ ಕಿಂಡಿ ಒರೆಸಿದರು. ಒಂದು ಕಣ್ಣು ಹತ್ತಿರ ಇಟ್ಟು ಹೊರಗೆ ನೋಡಿದರು. ಊರು ಬಂತಾ ಅಂತ. ಆ ಕಿಂಡಿಯ ಬೆಳಕು ಅವರ ಕೆನ್ನೆಯ ಮೇಲೆ ಒಂದು ರೂಪಾಯಿಯ ಅಗಲಕ್ಕೆ ಬಿತ್ತು. ಮೂರು ಸಲ ಒತ್ತಿದೆ. ಎರಡನೆಯದು ಸರಿಯಾಗಿ ಬಂದಿದೆ.

ಮುಂದಿನ ಶುಕ್ರವಾರ ಪ್ರಿಂಟ್ ಕೊಟ್ಟೆ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದರಲ್ಲಿ ನನ್ನ ಮುಖ ಎಲ್ಲಿದೆ? ಬರೀ ಕೆನ್ನೆ" ಅಂದರು. ಚೀಲ ಕೆಳಗಿಟ್ಟರು, ಸೀರೆ ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿ ಕೂತರು. ಎರಡೂ ಕೈ ಮಂಡಿಯ ಮೇಲೆ. "ಈಗ ತೆಗಿ ಮಗಾ." ಮೇಕೇರಿ ತಿರುವು ಮುಗಿಯುವವರೆಗೆ ಕಾದು ತೆಗೆದೆ. ಅದನ್ನು ಅವರು ದೊಡ್ಡ ಸೈಜಿನಲ್ಲಿ ಕೇಳಿದರು, ಫ್ರೇಮ್ ಹಾಕಿಸಿ ಕೊಟ್ಟೆ. ಕಿಂಡಿಯ ಫೋಟೊವನ್ನು ಬೇರೆ ಎಲ್ಲಾದರೂ ತೋರಿಸಬಹುದಾ ಅಂತಲೂ ಕೇಳಿದೆ. ಸ್ವಲ್ಪ ಯೋಚಿಸಿ, "ನನ್ನ ಮೊಮ್ಮಗನ ಮದುವೆ ಆಗಲಿ, ಆಮೇಲೆ ನೋಡುವ" ಅಂದರು. ಎವಾನ್ಸ್ ತಮ್ಮ ಸಬ್‌ವೇ ಚಿತ್ರಗಳನ್ನು ಪುಸ್ತಕವಾಗಿ ಹೊರಗೆ ತಂದದ್ದು 1966ರಲ್ಲಿ, ತೆಗೆದು ಇಪ್ಪತ್ತೈದು ವರ್ಷ ಆದ ಮೇಲೆ. ಅಜ್ಜಿಯ ಮೊಮ್ಮಗ ಈಗ ಪಿಯುಸಿ ಓದುತ್ತಿದ್ದಾನೆ. ಫೋಟೊ ನನ್ನ ಡಬ್ಬಿಯಲ್ಲಿದೆ, ಸಿಲಿಕಾ ಜೆಲ್ ಜೊತೆ.