ಎರಡು ಲೇಖನ ಒಂದು ಮಾಡುವ ಮೊದಲು

ಕಾಸರಗೋಡಿನವರಿಗೆ ವಿಲೀನ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ನೆನಪಾಗುತ್ತದೆ. ಇದು ಆ ವಿಲೀನ ಅಲ್ಲ. ಕನ್ನಡ ವಿಕಿಪೀಡಿಯದಲ್ಲಿ ಒಂದೇ ವಿಷಯದ ಮೇಲೆ ಎರಡು ಲೇಖನ ಕಂಡರೆ ಸೇರಿಸಬೇಕಾ, ಬಿಡಬೇಕಾ ಎಂಬ ಸಣ್ಣ ವಿಷಯ.

ನಮ್ಮ ಕಡೆಯ ಊರುಗಳ ಬಗ್ಗೆ ಬರೆಯುವಾಗ ಈ ತಾಪತ್ರಯ ಜಾಸ್ತಿ. ನಾವು ಮಂಜೇಶ್ವರ ಅನ್ನುತ್ತೇವೆ, ಸರಕಾರಿ ಕಾಗದದಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಮಲಯಾಳ ನೋಡಿ ಬರೆದವರಿಗೆ ಕುಂಬ್ಳ. ಅವರವರ ಕಾಗುಣಿತ ಹಾಕಿ ಹುಡುಕುತ್ತಾರೆ, ಸಿಗುವುದಿಲ್ಲ, ಹೊಸ ಪುಟ ಶುರು ಮಾಡುತ್ತಾರೆ. ಹಾಗೆ ಹುಟ್ಟುವ ಜೋಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಸೇರಿಸಿ. ನದಿಯದ್ದೂ ಅದೇ ಕಥೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಕಡೆಯಿಂದ ಬರುವಾಗ ಪಯಸ್ವಿನಿ, ಕಾಸರಗೋಡಿನ ಹತ್ತಿರ ಕಡಲು ಸೇರುವಾಗ ಚಂದ್ರಗಿರಿ. ನೀರು ಒಂದೇ, ಲೇಖನವೂ ಒಂದೇ ಸಾಕು.

ಕಷ್ಟ ಇರುವುದು ಹೆಸರು ಒಂದೇ ಆಗಿದ್ದು ವಸ್ತು ಬೇರೆ ಆದಾಗ. ನಾನು ಹೊಸತರಲ್ಲಿ ಇಲ್ಲಿನ ಚಂದ್ರಗಿರಿ ಕೋಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ನನ್ನ ಪ್ರಯೋಗಪುಟದಲ್ಲಿ (ಬರೆದು ಅಭ್ಯಾಸ ಮಾಡುವ ಪುಟ) ಒಟ್ಟು ಹಾಕಿ, ಭಾರೀ ಖುಷಿಯಲ್ಲಿ ಗೆಳೆಯನಿಗೆ ತೋರಿಸಿದೆ. ಅವನು ಅರ್ಧ ಓದಿ, "ಅಲ್ಲ ಮಾರಾಯ, ನಮ್ಮ ಕೋಟೆಯಲ್ಲಿ ರಾಜಮಹಲ್ ಎಲ್ಲಿದೆ?" ಅಂದ. ನಾನು ತಂದು ಅಂಟಿಸಿದ್ದು ಆಂಧ್ರದ ತಿರುಪತಿ ಹತ್ತಿರದ ಚಂದ್ರಗಿರಿಯನ್ನು, ವಿಜಯನಗರದ ಅರಸರ ಸಮೇತ! ಹೊಸದುರ್ಗವೂ ಹೀಗೇ. ಒಂದು ಇಲ್ಲಿ ಕಾಞಂಗಾಡಿನದ್ದು, ಇನ್ನೊಂದು ಚಿತ್ರದುರ್ಗ ಜಿಲ್ಲೆಯದ್ದು. ಇಂಥ ಕಡೆ ಬೇಕಾಗುವುದು ವಿಲೀನ ಅಲ್ಲ, ದ್ವಂದ್ವ ನಿವಾರಣೆ ಪುಟ, ಅಂದರೆ ಒಂದೇ ಹೆಸರಿನ ಬೇರೆ ಬೇರೆ ಲೇಖನಗಳಿಗೆ ದಾರಿ ತೋರಿಸುವ ಪಟ್ಟಿ.

ಹಾಗಾಗಿ ಮೊದಲು ಎರಡೂ ಪುಟವನ್ನು ಪೂರ್ತಿ ಓದಿ. ಸುಮ್ನೆ ಶೀರ್ಷಿಕೆ ನೋಡಿ ತೀರ್ಮಾನಿಸಬೇಡಿ. ಮಲಯಾಳ ಓದಲು ಬಂದರೆ ಅಲ್ಲಿನ ವಿಕಿಪೀಡಿಯದಲ್ಲಿ ಇದು ಒಂದು ಲೇಖನವಾ, ಎರಡಾ ನೋಡಿ. ಅವರು ಮಾಡಿದ್ದೇ ಸರಿ ಅಂತಲ್ಲ, ಆದರೆ ಅವರು ಬೇರೆ ಇಟ್ಟಿದ್ದರೆ ಏನೋ ಕಾರಣ ಇರಬಹುದು.

ಕಾಸರಗೋಡು ಪೇಟೆ, ಜಿಲ್ಲೆ, ಲೋಕಸಭಾ ಕ್ಷೇತ್ರ, ಈ ಮೂರರಲ್ಲೂ ಅರ್ಧಕ್ಕರ್ಧ ಒಂದೇ ಮಾತು ಇರುತ್ತದೆ. ಆದರೂ ಸೇರಿಸುವಂತಿಲ್ಲ. ಕ್ಷೇತ್ರಕ್ಕೆ ಕಣ್ಣೂರು ಜಿಲ್ಲೆಯ ಪಯ್ಯನ್ನೂರು ಕೂಡ ಸೇರುತ್ತದೆ, ಅದನ್ನು ಜಿಲ್ಲೆಯ ಪುಟದಲ್ಲಿ ಎಲ್ಲಿ ತುರುಕುತ್ತೀರಿ? ಪುನರಾವರ್ತನೆ ಆದದ್ದನ್ನು ಒಂದು ಕಡೆ ಇಟ್ಟುಕೊಂಡು ಉಳಿದೆಡೆ ಕೊಂಡಿ ಕೊಟ್ಟರೆ ಆಯಿತು.

ತೆಯ್ಯಂ ಮತ್ತು ಭೂತಕೋಲದ ಪುಟ ಒಂದು ಮಾಡೋಣ ಎಂಬ ಮಾತು ಬಂದರೆ ನಾನಂತೂ ಒಪ್ಪುವುದಿಲ್ಲ. ದೂರದಿಂದ ನೋಡಿದವರಿಗೆ ಎರಡೂ ಬೆಂಕಿ, ಬಣ್ಣ, ಚೆಂಡೆ. ಹತ್ತಿರ ನಿಂತವರಿಗೆ ಒಂದರಲ್ಲಿ ಮಲಯಾಳದ ತೋಟ್ಟಂ ಹಾಡು, ಇನ್ನೊಂದರಲ್ಲಿ ತುಳುವಿನ ಪಾಡ್ದನ. ಹೋಲಿಕೆಗೆ ಎರಡೂ ಪುಟದಲ್ಲಿ ಒಂದೊಂದು ಪ್ಯಾರಾ ಬರೆಯಿರಿ, ಸಾಕು.

ಇನ್ನು ತುಂಡು ಲೇಖನಗಳು. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಅದರ ಬಗ್ಗೆ ನಿಮ್ಮ ಹತ್ತಿರ ಇರುವುದು ನಾಲ್ಕೇ ಸಾಲು ಅಂದರೆ ಅದಕ್ಕೆ ಬೇರೆ ಪುಟ ಯಾಕೆ, ದೇವಸ್ಥಾನದ ಲೇಖನದಲ್ಲೇ ಒಂದು ವಿಭಾಗ ಮಾಡಿ, ಓದುವವರಿಗೆ ಕೆರೆ, ಗುಡಿ, ಮೊಸಳೆ ಎಲ್ಲ ಒಟ್ಟಿಗೆ ಸಿಗುತ್ತದೆ. ಮುಂದೆ ಯಾರಾದರೂ ಒಳ್ಳೆಯ ಆಧಾರಗಳೊಂದಿಗೆ ಎರಡು ಪುಟದಷ್ಟು ಉದ್ದ ಬರೆದರೆ ಆಗ ಬೇರೆ ಮಾಡಬಹುದು. ತದ್ವಿರುದ್ಧವಾಗಿ, ಎರಡೂ ಲೇಖನ ಈಗಲೇ ಉದ್ದ ಇದ್ದು, ಸೇರಿಸಿದರೆ ಮೊಬೈಲಿನಲ್ಲಿ ಬೆರಳು ಸೋಲುವಷ್ಟು ಆಗುತ್ತದೆ ಅಂದರೆ ಬಿಟ್ಟುಬಿಡಿ.

ಸೇರಿಸುವುದೇ ಅಂತ ಆದರೆ ಮೊದಲು ಚರ್ಚೆ ಪುಟದಲ್ಲಿ ಬರೆಯಿರಿ. ಯಾವುದು ಯಾವುದರೊಳಗೆ ಹೋಗಬೇಕು, ಯಾಕೆ, ಎರಡೇ ಸಾಲು. ಒಂದು ವಾರ ಕಾಯಿರಿ. ನಮ್ಮಲ್ಲಿ ಚರ್ಚೆ ಪುಟ ನೋಡುವವರು ಕಡಿಮೆ, ಆದ್ದರಿಂದ ಎಲ್ಲ ಸದಸ್ಯರೂ ಮಾತಾಡುವ ಅರಳಿಕಟ್ಟೆ ಪುಟದಲ್ಲೂ ಒಂದು ಮಾತು ಹಾಕಿ. ಹಳೆಯ ಪುಟ ಬರೆದವರ ಸದಸ್ಯ ಚರ್ಚೆ ಪುಟಕ್ಕೂ ಹೋಗಿ ತಿಳಿಸಿ. ಯಾರೋ ರಾತ್ರಿ ಕೂತು ಟೈಪ್ ಮಾಡಿದ್ದನ್ನು ಹೇಳದೆ ಕೇಳದೆ ಎತ್ತಿದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಅಲ್ವಾ?

ಯಾವ ಹೆಸರು ಉಳಿಯಬೇಕು? ಕನ್ನಡದಲ್ಲಿ ಓದುವವರು ಯಾವುದನ್ನು ಬಳಸುತ್ತಾರೋ ಅದು. ಕುಂಬಳೆ ಇರಲಿ, ಕುಂಬ್ಳ ಎಂಬ ಪುಟ ಓದುವವರನ್ನು ಅಲ್ಲಿಗೆ ಕರೆದುಕೊಂಡು ಬರಲಿ.

ಪಠ್ಯ ನಕಲು ಮಾಡಿ ಉಳಿಸುವಾಗ ಸಂಪಾದನೆಯ ಸಾರಾಂಶದಲ್ಲಿ ಯಾವ ಪುಟದಿಂದ ತಂದದ್ದು ಎಂದು ಕೊಂಡಿ ಸಮೇತ ಬರೆಯಿರಿ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ವಿಕಿಪೀಡಿಯದ ಪರವಾನಗಿಯೇ ಬರೆದವರಿಗೆ ಮನ್ನಣೆ ಕೊಡಬೇಕು ಅನ್ನುತ್ತದೆ. ಅದೇ ಕಾರಣಕ್ಕೆ ಹಳೆಯ ಪುಟವನ್ನು ಅಳಿಸಲು ಹಾಕಬೇಡಿ, ಪುನರ್ನಿರ್ದೇಶನ ಮಾಡಿ, ಅಂದರೆ ಅದನ್ನು ತೆರೆದವರು ತಾವಾಗಿಯೇ ಹೊಸ ಪುಟಕ್ಕೆ ಬರುವಂತೆ ಮಾಡಿ. ಅದರ ಇತಿಹಾಸ ಉಳಿಯುತ್ತದೆ, ಹಳೆಯ ಹೆಸರಿನಲ್ಲಿ ಹುಡುಕಿದವರಿಗೂ ದಾರಿ ಸಿಗುತ್ತದೆ.

ಎರಡು ಪುಟದಲ್ಲಿ ಇಸವಿ ಬೇರೆ ಬೇರೆ ಇದ್ದರೆ ಅವಸರದಲ್ಲಿ ಒಂದನ್ನು ಹೊಡೆದು ಹಾಕಬೇಡಿ. ಕಾಸರಗೋಡಿಗೆ ಒಂದರಲ್ಲಿ 1956, ಇನ್ನೊಂದರಲ್ಲಿ 1984 ಅಂತ ಇದೆ ಎಂದುಕೊಳ್ಳಿ. ಎರಡೂ ಸರಿ! 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು, 1984ರ ಮೇ 24ರಂದು ಜಿಲ್ಲೆ ಆದದ್ದು.

ಕೊನೆಗೆ ವಿಕಿಡೇಟಾ, ಅಂದರೆ ಬೇರೆ ಬೇರೆ ಭಾಷೆಯ ವಿಕಿಪೀಡಿಯಗಳ ಪುಟಗಳನ್ನು ಒಂದಕ್ಕೊಂದು ಜೋಡಿಸುವ ತಾಣ. ಅಲ್ಲಿ ಒಂದು ಐಟಂಗೆ (ಒಂದು ವಸ್ತುವಿನ ದಾಖಲೆಗೆ) ಒಂದು ಭಾಷೆಯ ವಿಕಿಪೀಡಿಯದಿಂದ ಒಂದೇ ಪುಟ ಜೋಡಿಸಬಹುದು. ಹಳೆಯ ಪುಟಕ್ಕೆ ಬೇರೆ ಐಟಂ ಇದ್ದರೆ, ಎರಡೂ ಒಂದೇ ವಸ್ತುವಿನದ್ದು ಅಂತ ಖಾತ್ರಿ ಮಾಡಿಕೊಂಡು ಅವನ್ನೂ ಸೇರಿಸಿ. ಹಳೆಯ ಹೆಸರಿಗೆ ಮೊದಲೇ ಇನ್ನೊಂದು ಪುನರ್ನಿರ್ದೇಶನ ಬರುತ್ತಿದ್ದರೆ ಅದನ್ನು ನೇರ ಹೊಸ ಪುಟಕ್ಕೆ ತಿರುಗಿಸಿ, ಇಲ್ಲವಾದರೆ ಓದುವವರು ನಡುದಾರಿಯಲ್ಲಿ ನಿಂತುಬಿಡುತ್ತಾರೆ.