ಆರಿದ್ರಾ ಮಳೆಯಲ್ಲೇ ಗುಂಡಿ ಮುಚ್ಚಿದೆ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಮಳೆಗಾಲದಲ್ಲಿ ರಸ್ತೆಗೆ ಬೀಳುವ ಗುಂಡಿಗೆ ಜಲ್ಲಿ ಪುಡಿ ಸುರಿದು ದೀಪಾವಳಿವರೆಗೆ ಕಾಯಬೇಕು ಅನ್ನುವುದೇ ಎಲ್ಲರ ಲೆಕ್ಕ. ಆರಿದ್ರಾ ಮಳೆಯಲ್ಲೇ ಮುಚ್ಚುತ್ತೇನೆ ಅಂದಾಗ ಹಿರಿಯ ಮೇಸ್ತ್ರಿಯೊಬ್ಬರು, "ಒದ್ದೆ ಜಲ್ಲಿಗೆ ಡಾಂಬರು ಹಿಡಿಯುತ್ತೇನಯ್ಯಾ? ಸುಮ್ನೆ ದುಡ್ಡು ಚರಂಡಿಗೆ ಹಾಕ್ತೀಯ" ಅಂದರು. ಆ ಅಡ್ಡರಸ್ತೆ ಈಗ ಎರಡು ಮಳೆಗಾಲ ದಾಟಿದೆ. 40 ಚಿಲ್ಲರೆ ಗುಂಡಿಗಳಲ್ಲಿ ಕಿತ್ತು ಬಂದಿದ್ದು ಮೂರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಹೊಸ ಮಾಲು ಹಿಡಿಯಲಿ ಅಂತ ಗುಂಡಿಗೆ ಟ್ಯಾಕ್ ಕೋಟ್, ಅಂದರೆ ಎಮಲ್ಷನ್ನಿನ ತೆಳು ಅಂಟು ಪದರ ಹೊಡೆದಿದ್ದೆ. ಎಮಲ್ಷನ್ ಅಂದರೆ ನೀರಿನಲ್ಲಿ ಬೆರೆತ ಡಾಂಬರು. ಎಮಲ್ಷನ್ ಕಂದು ಬಣ್ಣ ಬಿಟ್ಟು ಕಪ್ಪಾಗುವ ಮೊದಲೇ ಗಿರಿ ಕಡೆಯಿಂದ ಮಳೆ ಬಂತು. ಅಷ್ಟೂ ಹಾಲು ಹಾಕಿದ ಕಾಫಿಯ ಹಾಗೆ ಚರಂಡಿಗೆ ಹರಿಯಿತು. ಉಳಿದ ಗುಂಡಿಗೆ ಮೂಟೆಯಲ್ಲಿ ಬರುವ ರೆಡಿಮಿಕ್ಸ್ ಡಾಂಬರು ಜಲ್ಲಿ ತುಂಬಿದೆ. ಹದಿನೈದು ದಿನಕ್ಕೆ ಅಂಚಿನಿಂದಲೇ ಎದ್ದಿತು. ಮಾಲು, ಕೂಲಿ, ಗುದ್ದುವ ಯಂತ್ರ ಕಂಪ್ಯಾಕ್ಟರ್‌ನ ಬಾಡಿಗೆ ಸೇರಿ 40 ಸಾವಿರದ ಹತ್ತಿರ ಹೋಯಿತು. ಹೆಂಡತಿಯ ಬಳೆ ಅಡವಿಟ್ಟು ಕೂಲಿ ಕೊಟ್ಟೆ.

ಎದ್ದ ಗುಂಡಿಯೊಂದನ್ನು ಅಗೆದಾಗ ವಿಷಯ ತಿಳಿಯಿತು. ಅಡಿಯಿಂದ ನೀರು ಜಿನುಗುತ್ತಿತ್ತು. ಚರಂಡಿ ಗೋಡೆ ರಸ್ತೆಗಿಂತ ನಾಲ್ಕಿಂಚು ಎತ್ತರ. ನೀರಿಗೆ ಹೋಗಲು ದಾರಿಯೇ ಇಲ್ಲ. ಮಾಲು ಯಾವುದಾದರೂ ಅಲ್ಲಿ ನಿಲ್ಲುತ್ತಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲೇ ಚರಂಡಿ ಗೋಡೆಗೆ ಹತ್ತಡಿಗೊಂದು ತೂತು ಕೊರೆದು ಮೂರಿಂಚಿನ ಪೈಪು ಕೂರಿಸಿದೆ. ಜಿನುಗುವ ಕಡೆ ರಸ್ತೆಗೆ ಅಡ್ಡಲಾಗಿ ತೋಡಿ, 40 ಎಂಎಂ ಜಲ್ಲಿ ತುಂಬಿ ಚರಂಡಿಗೆ ಬಿಟ್ಟೆ. ಇದಕ್ಕೇ 18 ಸಾವಿರ. ಎಸ್ಟಿಮೇಟಿನಲ್ಲಿ ಈ ಕೆಲಸವೇ ಇರಲಿಲ್ಲ. ಬೀದಿಯ 36 ಮನೆಯವರು ತಲಾ ಐನೂರು ಹಾಕಿದರು. ಅವರ ಉಪಕಾರ ಮರೆಯುವುದಿಲ್ಲ.

ಆಮೇಲೆ ಗುಂಡಿಯ ಅಂಚನ್ನು ಚೌಕಕ್ಕೆ ಕಟ್ ಮಾಡಿ, ಅಡಿಗೆ ವೆಟ್ ಮಿಕ್ಸ್, ಅಂದರೆ ನೀರು ಬೆರೆಸಿದ ಜಲ್ಲಿ-ಪುಡಿ, ಹಾಕಿ ಗುದ್ದಿದೆ. ಟ್ಯಾಕ್ ಕೋಟಿಗೆ ಬೇಗ ಗಟ್ಟಿಯಾಗುವ ಆರ್‌ಎಸ್-1 ಎಮಲ್ಷನ್, ಚದರ ಮೀಟರಿಗೆ ಕಾಲು ಕೆಜಿ. ಗುಂಡಿಗೆ ತುಂಬುವ ಮಾಲಿಗೆ ಅದಕ್ಕಿಂತ ನಿಧಾನವಾಗಿ ಗಟ್ಟಿಯಾಗುವ ಎಂಎಸ್ ಎಮಲ್ಷನ್, 100 ಕೆಜಿ ಜಲ್ಲಿಗೆ 8 ಕೆಜಿ ಆಸುಪಾಸು, ಕಾಂಕ್ರೀಟ್ ಮಿಕ್ಸರಿನಲ್ಲೇ ತಿರುಗಿಸಿದೆ. ಬಿಸಿ ಡಾಂಬರಿಗೆ ಒಣ ಜಲ್ಲಿ ಬೇಕು. ಇದಕ್ಕೆ ಜಲ್ಲಿ ತೇವ ಇದ್ದರೇ ಒಳ್ಳೆಯದು. ಮೇಸ್ತ್ರಿ ನಂಬದೆ ಇದ್ದದ್ದು ಇದನ್ನೇ. ಆದರೆ ತೇವ ಬೇರೆ, ನೀರು ತೊಟ್ಟಿಕ್ಕುವುದು ಬೇರೆ. ಎಷ್ಟು ಸುತ್ತು ತಿರುಗಿಸಬೇಕು, ಪುಡಿ ಯಾವಾಗ ಸೇರಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ಅದು ನನ್ನ ಹೊಟ್ಟೆಪಾಡು. ಮಳೆ ಹೊಳವಾದಾಗ ಮಾತ್ರ ಹಾಕಿದೆ. ಟಾರ್ಪಾಲು ಹಿಡಿದು ಇಬ್ಬರು ನಿಂತೇ ಇರುತ್ತಿದ್ದರು. ಎರಡೆರಡು ಇಂಚಿನ ಪದರ, ಪ್ರತಿ ಪದರಕ್ಕೂ ಕಂಪ್ಯಾಕ್ಟರ್.

ನಡುವೆ ಒಂದು ಗುಂಡಿಯ ಅಡಿಗೆ ಹಳೆ ಹೆಂಚಿನ ಚೂರು ತುಂಬಿ ನೋಡಿದೆ. ಪುಕ್ಕಟೆ ಸಿಕ್ಕಿತ್ತು. ಕಾಫಿ ಲಾರಿ ಓಡಾಡಿ ವಾರಕ್ಕೇ ಪುಡಿಯಾಗಿ ಕೆಸರಾಯಿತು. ತಿರುವಿನಲ್ಲಿ ಹಾಕಿದ 80 ಎಂಎಂ ದಪ್ಪದ ಇಂಟರ್‌ಲಾಕ್ ಸಿಮೆಂಟ್ ಇಟ್ಟಿಗೆ ಮಾತ್ರ ಅಲುಗಿಲ್ಲ. ಅಡಿಯಲ್ಲಿ ನೀರಿನ ಪೈಪು ಒಡೆದರೂ ಇಟ್ಟಿಗೆ ಬಿಚ್ಚಿ ಮತ್ತೆ ಕೂರಿಸಬಹುದು, ಅಲ್ವಾ?

ಹೋದ ಮಳೆಗಾಲದಲ್ಲಿ ಮೇಸ್ತ್ರಿ ಬಂದು ಛತ್ರಿ ತುದಿಯಿಂದ ಅಂಚು ಕುಟ್ಟಿ ನೋಡಿ, ಎಮಲ್ಷನ್ ಡ್ರಮ್ಮಿಗೆ ಎಷ್ಟು ಬಿತ್ತು ಅಂತ ಕೇಳಿದರು. 12 ಸಾವಿರ ಅಂದೆ. ಗುಂಡಿಗೆ ಸರಾಸರಿ ಒಂಬೈನೂರು ಬಿದ್ದಿದೆ. ಕಿತ್ತು ಬಂದ ಆ ಮೂರು ಗುಂಡಿಗಳೂ ನಲ್ಲಿ ನೀರಿನ ಪೈಪು ಹಾದುಹೋದ ಕಡೆ ಇವೆ. ಈ ಮೇ ತಿಂಗಳಲ್ಲಿ ಮೊದಲು ಆ ಜಾಯಿಂಟುಗಳನ್ನು ಬದಲಾಯಿಸುತ್ತೇನೆ.